ಸಾರಿನ ಬೆಳ್ಳುಳ್ಳಿ, ಇಪ್ಪತ್ತು ಕೋಳಿ

ಬೆಳಿಗ್ಗೆ 5 ಗಂಟೆ 50 ನಿಮಿಷಕ್ಕೆ ತುಕ್ರ ಕೋಳಿಯೊಂದರ ಹಿಕ್ಕೆಯನ್ನು ಪುಟ್ಟ ಡಬ್ಬಿಗೆ ತುಂಬಿ ಮುಚ್ಚಳದ ಮೇಲೆ ನಂಬರು ಬರೆಯುತ್ತಿದ್ದರು. ದುಬೈನ ಅಲ್ ಕೂಜ್‌ನಲ್ಲಿ, ಗೋದಾಮುಗಳ ನಡುವಿನ ಖಾಸಗಿ ಪ್ರಯೋಗಾಲಯವೊಂದರಲ್ಲಿ ಅವರು ಹದಿನಾಲ್ಕು ವರ್ಷಗಳಿಂದ ಕೋಳಿ ನೋಡಿಕೊಳ್ಳುತ್ತಿದ್ದಾರೆ. ಅದಕ್ಕೂ ಮೊದಲು ಕರಾವಳಿಯ ತಮ್ಮೂರು ಬೆಳ್ಮಣ್ಣಿನಲ್ಲಿ ಅಂಕದ, ಅಂದರೆ ಕೋಳಿ ಕಾಳಗದ, ಹುಂಜಗಳನ್ನು ಸಾಕುತ್ತಿದ್ದರು. ವೀಸಾದಲ್ಲಿ ಅವರ ಹುದ್ದೆ ‘ಕ್ಲೀನರ್’ ಎಂದಿದೆ.

ಪರೀಕ್ಷೆಯಲ್ಲಿದ್ದುದು ಕೋಳಿ ಟೈಫಾಯ್ಡಿಗೆ ಹೊಸ ಲಸಿಕೆ. ಹಳೆಯ ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ಬ್ಯಾಕ್ಟೀರಿಯಾ ಕೆಲವು ಕೋಳಿಗಳ ಮೈಯಲ್ಲೇ ಉಳಿದು, ಹಿಕ್ಕೆಯ ಮೂಲಕ ಪಕ್ಕದ ಕೋಳಿಗೂ ಹರಡಬಹುದು. ಹೊಸ ಲಸಿಕೆಯ ಬ್ಯಾಕ್ಟೀರಿಯಾ ಎರಡು ವಾರದಲ್ಲಿ ಮೈಯಿಂದ ಪೂರ್ತಿ ಹೋಗಬೇಕು. ಲಸಿಕೆ ಕೊಟ್ಟದ್ದು ಇಪ್ಪತ್ತು ಕೋಳಿಗಳಿಗೆ. ಅಂದು ಹದಿನಾಲ್ಕನೇ ದಿನ.

ಎರಡು ದಿನ ಬಿಟ್ಟು ಫಲಿತಾಂಶ ಬಂತು. ಪ್ರಯೋಗದ ಮುಖ್ಯಸ್ಥೆ, ಧಾರವಾಡದ ಡಾಕ್ಟರ್ ಮಧುಮತಿ, ಹಿಕ್ಕೆಯ ಬ್ಯಾಕ್ಟೀರಿಯಾ ಬೆಳೆಸಲು ಇಟ್ಟಿದ್ದ ಗಾಜಿನ ತಟ್ಟೆಗಳನ್ನು ಎರಡು ಸಲ ನೋಡಿದರು.

“ಇಪ್ಪತ್ತೂ ಕ್ಲೀನ್ ಅದಾವ್ರಿ ತುಕ್ರಣ್ಣ. ಶುಕ್ರವಾರ ಆರಾಮ ಊರಿಗೆ ಹೋಗ್ರಿ.”

ಎರಡು ವರ್ಷದ ಮೇಲೆ ಸಿಕ್ಕ ರಜೆ. ಭಾನುವಾರ ಮಗಳು ಅಮಿತಾಳ ನಿಶ್ಚಿತಾರ್ಥ.

“ಬೆಳ್ಳುಳ್ಳಿ ಕೊಟ್ಟದ್ದು ಲೆಕ್ಕಕ್ಕೆ ಬರ್ತದಾ ಮೇಡಂ?”

“ಯಾವ ಬೆಳ್ಳುಳ್ಳಿ?”

“ಮೂರನೇ ದಿನ ಕೆಲವು ಕೋಳಿ ಮಂಕಾಗಿ ಗರಿ ಉಬ್ಬಿಸಿ ಕೂತಿದ್ದವಲ್ಲ. ಬೆಳ್ಳುಳ್ಳಿ, ಕರಿಮೆಣಸು ಅರೆದು ಉಂಡೆ ಮಾಡಿ ನುಂಗಿಸಿದೆ. ಅಂಕದ ಕೋಳಿಗೆ ಹಾಗೇ ಮಾಡುವುದು.”

“ಔಷಧ ಕೊಡಬ್ಯಾಡ್ರಿ ಅಂತ ಬಾಗಲಾ ಮ್ಯಾಲೆ ಮೂರು ಭಾಷಾದಾಗ ಬರದೇವಲ್ರಿ.”

“ಔಷಧ ಕೊಡ್ಲಿಲ್ಲ ಮೇಡಂ. ಅದು ಸಾರಿಗೆ ಹಾಕುವ ಬೆಳ್ಳುಳ್ಳಿ.”

ಮಧುಮತಿ ಕುರ್ಚಿ ಎಳೆದು ಕುಳಿತರು. ಬೆಳ್ಳುಳ್ಳಿ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದು. ಆ ಕೋಳಿಗಳು ಶುದ್ಧವಾದದ್ದು ಲಸಿಕೆಯ ಗುಣದಿಂದಲೋ ಉಂಡೆಯ ಗುಣದಿಂದಲೋ ಹೇಳಲು ಬಾರದು. ಅವನ್ನು ಪಟ್ಟಿಯಿಂದ ತೆಗೆಯಬೇಕು, ತೆಗೆದ ಮೇಲೂ ಪರೀಕ್ಷೆ ಲೆಕ್ಕಕ್ಕೆ ಬರಲು ಕನಿಷ್ಠ ಹದಿನೈದು ಉಳಿಯಬೇಕು.

“ಐದರ ತನಕ ನಡೀತದ. ಒಂದು ಜಾಸ್ತಿ ಆದ್ರೂ ಖಲಾಸ್. ಹೊಸಾ ಕೋಳಿ ತಂದು ಮೊದಲಿಂದ ಸುರು, ಎರಡು ತಿಂಗಳು. ನಿಮ್ಮ ರಜಾನೂ ಹೋತು.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮ್ಯಾನೇಜರ್ ಕ್ಯಾಮಿಲಸ್, “ನಾಲ್ಕೈದು ಇರಬೇಕು ಮಾರಾಯ,” ಎಂದರು. “ಸರಿ ನೆನಪು ಮಾಡು. ಟಿಕೆಟ್ ಬೇರೆ ಆಗಿದೆ.”

ಕೋಳಿಮನೆಯಲ್ಲಿ ಕ್ಯಾಮೆರಾ ಇಲ್ಲ. ಉಂಡೆ ನುಂಗಿಸಿದ್ದನ್ನು ನೋಡಿದವರೂ ಇಲ್ಲ.

ತುಕ್ರ ಕನ್ನಡಕ ಹಾಕಿಕೊಂಡು ಪಟ್ಟಿಯ ಮೇಲೆ ಒಂದೊಂದೇ ನಂಬರಿಗೆ ಬೆರಳಿಟ್ಟರು. ಬೆರಳಿಟ್ಟ ನಂಬರನ್ನು ಮಧುಮತಿ ಪೆನ್ನಿನಿಂದ ಹೊಡೆದು ಹಾಕುತ್ತ ಹೋದರು. ಐದನೆಯದರ ನಂತರ ಪೆನ್ನು ನಿಂತಿತು.

“ಅಷ್ಟ ಏನ್ರಿ?”

ಕ್ಯಾಮಿಲಸ್ ಕೆಮ್ಮಿದರು.

ತುಕ್ರ ಪಟ್ಟಿಯ ಕೆಳಗಿನ ಸಾಲಿಗೆ ಬೆರಳು ತಂದರು. “ಇದೊಂದು ಸ್ವಲ್ಪವೇ ನುಂಗಿದ್ದು, ಉಳಿದದ್ದು ಉಗುಳಿತು,” ಎಂದರು. “ಆದರೂ ಕೊಟ್ಟದ್ದು ಕೊಟ್ಟದ್ದೇ ಅಲ್ಲವಾ ಮೇಡಂ. ಒಟ್ಟು ಆರು.”