ಕಮಲದ ಇಪ್ಪತ್ತು ಪೈಸೆ

ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ನೋಟ್‌ಬುಕ್ಕು, ಪೆನ್ನುಗಳನ್ನೂ ಇಟ್ಟಿದ್ದೇನೆ. ಪಕ್ಕದಲ್ಲಿ ನನ್ನ ಗೆಳತಿಯ ಟೈಲರಿಂಗ್ ಅಂಗಡಿ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಆದರೂ ಹಳ್ಳಿಯಿಂದ ಬರುವ ಹಿರಿಯರು ಜೆರಾಕ್ಸಿಗೆ ಚಿಲ್ಲರೆಯನ್ನೇ ಕೊಡುವುದು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಗಲ್ಲಾಪೆಟ್ಟಿಗೆ ಕೆದಕಿ ಹಳೇ ನಾಣ್ಯ ಹುಡುಕುವ ಚಟ ನನಗೆ. ರೂಪಾಯಿಗಳ ನಡುವೆ ನುಸುಳಿ ಬಂದ ಘೇಂಡಾಮೃಗದ ನಾಲ್ಕಾಣೆಯೋ, ಅಗಲವಾದ ಹಳೇ ಒಂದು ರೂಪಾಯಿಯೋ ಸಿಕ್ಕರೆ ಅವಳನ್ನು ಕೂಗುತ್ತಿದ್ದೆ. ಹೊಲಿಗೆ ಬಿಟ್ಟು ಓಡಿ ಬರುತ್ತಿದ್ದಳು. ನನ್ನ ಮನೆಯಲ್ಲಿ ಈ ಹುಚ್ಚನ್ನು ಕಂಡು ನಗುತ್ತಿದ್ದರು, ಅವಳೊಬ್ಬಳು ನಗುತ್ತಿರಲಿಲ್ಲ.

ಒಂದು ದಿನ ತ್ಯಾವಣಿಗೆಯ ಅಜ್ಜರೊಬ್ಬರು ಪಹಣಿ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಅವರು ಕೊಟ್ಟ ಐದು ರೂಪಾಯಿ ಕೈಗೆ ಹಗುರವೆನಿಸಿತು. ತಿರುಗಿಸಿ ನೋಡಿದರೆ ಅದೇ ಹಿತ್ತಾಳೆ ಬಣ್ಣ, ಆದರೆ ಮೇಲೆ ಅರಳಿದ ಕಮಲ. ಹಳೇ ಇಪ್ಪತ್ತು ಪೈಸೆ! ಅವಳನ್ನು ಕೂಗಿದೆ.

"ಅಕ್ಕಾ, ಇದು ನನ್ ಕೈಗೆ ಕೊಡ್ರಿ ಒಂದ್ ನಿಮಿಷ," ಎಂದು ಇಸಿದುಕೊಂಡು ಸೆರಗಿನಿಂದ ಒರೆಸಿದಳು. "ಎಷ್ಟ್ ಚೆಂದ ಐತೆ! ನೀವು ಪುಣ್ಯ ಮಾಡೀರಿ."

ಆಮೇಲೆ ಹೊನ್ನಾಳಿಯಲ್ಲಿ ಹೆಣ್ಣುಮಕ್ಕಳ ಹವ್ಯಾಸಗಳ ಪ್ರದರ್ಶನ ನಡೆಯುವ ಸುದ್ದಿಯನ್ನು ಅವಳೇ ತಂದಳು. ನಮ್ಮಿಬ್ಬರ ಹೆಸರಲ್ಲಿ ನಾಣ್ಯ ಇಡೋಣ ಎಂದಳು. ನಾನು ನಾಣ್ಯ ಕೂಡಿಟ್ಟಿದ್ದ ಡಬ್ಬಿಯನ್ನೇ ಕೊಟ್ಟುಬಿಟ್ಟೆ. "ನೀವು ಬರಾಕೆ ಹೋಗಬ್ಯಾಡ್ರಿ ಅಕ್ಕ, ಅಂಗಡಿ ಯಾರು ನೋಡ್ತಾರೆ? ನಾನೆಲ್ಲ ನೋಡ್ಕೊಂತೀನಿ," ಎಂದಳು. ನನ್ನ ಮೇಲಿನ ಕಾಳಜಿ ಎಂದೇ ತಿಳಿದೆ.

ಆದರೂ ಮನಸ್ಸು ತಡೆಯಲಿಲ್ಲ. ಆ ದಿನ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಸೂಳೆಕೆರೆ ಏರಿಯ ಮೇಲೆ ಹೋಗುವಾಗ, ನನ್ನನ್ನು ಕಂಡು ಅವಳು ಹೇಗೆ ಕುಣಿಯಬಹುದೆಂದು ನೆನೆದು ಒಬ್ಬಳೇ ನಗುತ್ತಿದ್ದೆ.

ಹಾಲ್‌ನಲ್ಲಿ ಅವಳ ಮೇಜಿನ ಸುತ್ತ ಜನ. ಹಿಂದೆ ನಿಂತೆ. ಕಮಲದ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಹೇಳುತ್ತಿದ್ದಳು: "ಇದು ನಮ್ಮಜ್ಜಿ ಎಲೆಅಡಿಕೆ ಚೀಲದಾಗೆ ಇಟ್ಕೊಂಡಿದ್ದು. ಸಾಯಾಕೆ ಮುಂಚೆ ನನ್ನ ಕೈಗೆ ಕೊಟ್ಟು, ಕಳೀಬ್ಯಾಡ ಮಗಾ ಅಂದ್ರು." ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ತಲೆಯೆತ್ತಿದವಳಿಗೆ ನಾನು ಕಂಡೆ. ಮಾತು ತುಸು ತಡವರಿಸಿತು, ನಿಲ್ಲಲಿಲ್ಲ. ಯಾರೋ ನನ್ನ ಕಡೆ ನೋಡಿ ಅವಳನ್ನು ಕೇಳಿದರು, "ಇವರು ಯಾರ್ರೀ?"

"ನಮ್ಮ ಪಕ್ಕದ ಅಂಗಡಿಯೋರು. ಇವ್ರಿಗೂ ಸ್ವಲ್ಪ ಆಸಕ್ತಿ ಐತೆ."

ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆ. ಅವಳು ಹಿಂದೆಯೇ ಬಂದಳು.

"ಗಲ್ಲಾದಾಗೆ ಸಿಕ್ತು ಅಂದ್ರೆ ಯಾರ್ ನಿಂತು ಕೇಳ್ತಾರೆ ಅಕ್ಕ? ನಿಮ್ ನಾಣ್ಯ ನಿಮಗೆ ವಾಪಸ್ ಕೊಡ್ತೀನಲ್ಲ."

"ನಾಣ್ಯ ಯಾರಿಗೆ ಬೇಕಿತ್ತೇ? ನಾವಿಬ್ರೂ ಹುಡುಕಿದ್ವಿ ಅನ್ನಾಕೆ ನಿನಗೆ ಏನಾಗಿತ್ತು?"

ಒಳಗೆ ಮೈಕಿನಲ್ಲಿ ಅವಳ ಹೆಸರು ಕೂಗಿದರು. ಸೆರಗು ಸರಿಮಾಡಿಕೊಂಡು ಹೋದಳು.

ಮರುದಿನ ಡಬ್ಬಿ ನನ್ನ ಕೌಂಟರಿನ ಮೇಲಿತ್ತು. ಒಂದು ನಾಣ್ಯವೂ ತಪ್ಪಿರಲಿಲ್ಲ. ತಪ್ಪಿದ್ದರೆ ಜಗಳವಾಡಬಹುದಿತ್ತು, ಕೇಳಿ ಈಸಿಕೊಳ್ಳಬಹುದಿತ್ತು. ಇದಕ್ಕೆ ಏನೆಂದು ಜಗಳವಾಡುವುದು? ಈಗ ಎದುರಾದರೆ ಇಬ್ಬರೂ ಫೋನು ನೋಡುತ್ತೇವೆ.

ಕೆಲವು ವಾರಗಳ ನಂತರ ಜಗಳೂರಿನ ಕಡೆಯವರೊಬ್ಬರು ಅವಳನ್ನು ಹುಡುಕಿಕೊಂಡು ಬಂದರು. ನಾಣ್ಯ ಕೂಡಿಡುವ ಹವ್ಯಾಸದವರು, ಪ್ರದರ್ಶನ ನೋಡಿದ್ದರಂತೆ. ಅವಳ ಅಂಗಡಿ ಮುಚ್ಚಿದ್ದರಿಂದ ನನ್ನಲ್ಲಿ ವಿಚಾರಿಸಿದರು. "ಅಜ್ಜಿ ಕೊಟ್ಟ ಕಮಲದ ನಾಣ್ಯ ಇನ್ನೊಂದ್ಸಲ ನೋಡಬೇಕಿತ್ತು," ಎಂದರು. ನಾನು ಡಬ್ಬಿ ತೆಗೆದು ಅದನ್ನು ಅವರ ಮುಂದಿಟ್ಟೆ. ಯಾವ ಅಜ್ಜಿಯೂ ಕೊಟ್ಟಿದ್ದಲ್ಲ, ಜೆರಾಕ್ಸಿನ ಚಿಲ್ಲರೆಯಲ್ಲಿ ನನಗೆ ಸಿಕ್ಕಿದ್ದು ಎಂದೆ.

ಅವರು ನಾಣ್ಯ ಬಿಟ್ಟು ನನ್ನ ಮುಖವನ್ನೇ ನೋಡಿದರು. "ಆಯಮ್ಮ ಅಷ್ಟು ಅತ್ತುಕೊಂಡು ಹೇಳಿದ್ರಲ್ರೀ. ಹಂಗೆಲ್ಲ ಸುಳ್ಳು ಹೇಳಾಕೆ ಬರ್ತೈತಾ?"

ಅವರ ದೃಷ್ಟಿಯಲ್ಲಿ ಹೊಟ್ಟೆಕಿಚ್ಚಿನವಳು ನಾನೇ ಆಗಿದ್ದೆ. ಅವಳು ಯಾವಾಗ ಬರುತ್ತಾಳೆಂದು ಕೇಳಿಕೊಂಡು ಹೊರಟುಹೋದರು.