ಕಂಪನಿಯನ್ನು ತೊಟ್ಟಿಲಿಗೆ ಹಾಕಿದ ದಿನ

ತೊಟ್ಟಿಲಿನಲ್ಲಿ ಮಲಗಿದ ಕಾಗದಕ್ಕೆ ಕಿವಿ ಯಾವ ಮೂಲೆಯಲ್ಲಿರುತ್ತದೆ ಎಂಬ ಪ್ರಶ್ನೆಗೆ ನಾನು ಓದಿದ ಯಾವ ಕಾಯಿದೆಯ ಪುಸ್ತಕದಲ್ಲಿಯೂ ಉತ್ತರವಿರಲಿಲ್ಲ. ಆದರೂ ಆ ಮಧ್ಯಾಹ್ನ, ಬಸವನ ಬಾಗೇವಾಡಿಯ ನಮ್ಮ ಓಣಿಯ ಹೆಂಗಸರೆಲ್ಲರ ಎದುರಿಗೆ, ನಾನು ತೊಟ್ಟಿಲಿಗೆ ಬಾಗಿ, ನಮ್ಮ ಕಂಪನಿಯ ನೋಂದಣಿ ಪತ್ರದ ಬಲಮೂಲೆಯಲ್ಲಿ "ಕುರ್ರ್" ಎಂದು ಉಸುರಿ ಅದರ ಹೆಸರನ್ನು ಹೇಳಿದೆ. ಕ್ರಮವಾಗಿ ಮೊದಲಿನಿಂದಲೇ ಹೇಳುತ್ತೇನೆ.

ನಾವು ಐವರು ಹೆಂಗಸರು ಸೇರಿ ಜೋಳದ ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದೆವು. ಬಡಿಯುವುದರಲ್ಲಿ ನನ್ನ ಪಾಲಿರಲಿಲ್ಲ. ಗೊಳಸಂಗಿಯ ಶಾಲೆಯಲ್ಲಿ ಕನ್ನಡ ಕಲಿಸಿ, ಕೆಲಸ ಬಿಟ್ಟು ಬಂದ ನನ್ನ ಕೈಯಲ್ಲಿ ರೊಟ್ಟಿಯು ಯಾವುದೋ ದೇಶದ ನಕಾಶೆಯಂತೆ ಹರಡುತ್ತಿತ್ತು. ಆದ್ದರಿಂದ ಉಳಿದವರು ನನ್ನನ್ನು ಕಾಗದಪತ್ರಗಳಿಗೆ ನೇಮಿಸಿದ್ದರು. ರೊಟ್ಟಿಯ ನಿಜವಾದ ಕೈ ಪಕ್ಕದ ಮನೆಯ ಆಪಾ ಅವರದು. ಓಣಿಯೆಲ್ಲ ಅವರನ್ನು ಆಪಾ ಎಂದೇ ಕರೆಯುತ್ತದೆ. ಅವರ ಯಜಮಾನರು ಗೌಂಡಿ. ಮನಗೂಳಿಯಿಂದ ಮುದ್ದೇಬಿಹಾಳದವರೆಗೆ ಊರೂರು ಸುತ್ತಿ ಇತರರ ಮನೆಗಳನ್ನು ಕಟ್ಟಿದ ಅವರು, ಇತ್ತೀಚೆಗಷ್ಟೇ ಹೆಂಡತಿಯ ಹೆಸರಿನಲ್ಲಿ ಸ್ವಂತದ್ದೊಂದನ್ನು ಕಟ್ಟಿ ಮುಗಿಸಿದ್ದರು. ಮುಂದೆ ಮೊಮ್ಮಕ್ಕಳ ತೊಟ್ಟಿಲಿಗೆ ಬೇಕಾದೀತೆಂದು ಅದರ ಸ್ಲ್ಯಾಬಿನಲ್ಲಿ ಕಬ್ಬಿಣದ ಕೊಂಡಿಯನ್ನೂ ಕೂರಿಸಿದ್ದರು.

ಸಿಂದಗಿ, ಇಂಡಿ ಹಾಗೂ ಮುದ್ದೇಬಿಹಾಳಗಳಲ್ಲಿ ಖಾನಾವಳಿ ನಡೆಸುವ ಸಾಹುಕಾರರೊಬ್ಬರು ನಮ್ಮೊಂದಿಗೆ ವರ್ಷದ ಕರಾರು ಮಾಡಿಕೊಳ್ಳಲು ಮುಂದೆ ಬಂದರು. ಹಾಗಾದರೆ ಕಂಪನಿಯನ್ನೇ ಸ್ಥಾಪಿಸೋಣ, ಆಪಾ ಮತ್ತು ನಾನು ನಿರ್ದೇಶಕರಾಗೋಣ ಎಂದು ನಾನು ಸೂಚಿಸಿದೆ. ಆಪಾ ಹಿಟ್ಟು ಮೆತ್ತಿದ ಕೈಯನ್ನು ಮೇಲೆತ್ತಿದರು.

"ತಡೀರಿ ಅಕ್ಕೋರ. ನಾಳೆ ರೊಟ್ಟಿ ಕೆಟ್ಟು, ನುಕ್ಸಾನಾ ತುಂಬಿಕೊಡ್ರಿ ಅಂತ ಸಾವಕಾರ ಬಂದ್ರ, ಯಾರ ಬಾಗಲಾ ಬಡೀತಾನ? ನನ್ನ ಮನೀದಲ್ಲಾ?"

"ಇಲ್ರಿ ಆಪಾ, ಕಂಪನೀದು. ಕಾಯ್ದೇದಾಗ ಕಂಪನಿ ಅಂದ್ರ ಬ್ಯಾರೆ ಒಂದು ಮನಷ್ಯಾ ಇದ್ದಂಗ. ಆಸ್ತಿ ಅದರ ಹೆಸರೀಲೆ, ಸಾಲಾ ಅದರ ಹೆಸರೀಲೆ, ಕೇಸೂ ಅದರ ಮ್ಯಾಲ. ನಾವು ಹಾಕಿದ ಬಂಡವಾಳ ಹೋದೀತು, ಮನಿ ಹೋಗೂದಿಲ್ಲ."

"ಕೈಕಾಲಿಲ್ಲದ ಮನಷ್ಯಾನ?"

"ಕೈಕಾಲು ನಾವ."

"ಅಂದ್ರ ದುಡಿಯೂದು ನಾವು, ಹೆಸರು ಅದರದು. ಥೇಟ ನಮ್ಮ ಮನ್ಯಾರಂಗ ಐತಲ್ಲ!"

"ನನಗ ಕೇಳಾಕತ್ತೈತಿ!" ಎಂದು ಗೌಂಡಿಯವರ ದನಿ ಹೊರಗಿನ ಕಟ್ಟೆಯಿಂದ ಬಂದಿತು.

ಬೇಕೆಂದೇ ಮೋಸ ಮಾಡಿದವರಿಗೆ ಈ ರಕ್ಷಣೆ ಇರುವುದಿಲ್ಲವೆಂಬುದನ್ನೂ ನಾನು ಬಿಡಿಸಿ ಹೇಳಿದೆ. ಕಟ್ಟೆಯಿಂದ ಮತ್ತೆ ದನಿ ಬಂದಿತು: "ಅಂದ್ರ ನಡುವ ಒಂದು ಗ್ವಾಡಿ. ನಾವ ಒದ್ದು ಕೆಡವಿದ್ರ ಬೀಳತೈತಿ, ಇಲ್ಲಂದ್ರ ಇಲ್ಲ."

ಆಪಾ ಒಪ್ಪಿದರು, ಆದರೆ ಬೆರಳೆತ್ತಿ ಒಪ್ಪಿದರು. "ಆ ಗ್ವಾಡಿ ಎಲ್ಲ್ಯರ ಬಿರುಕ ಬಿಟ್ಟಿತ್ತಂದ್ರ ನಾ ಸಹಿ ಮಾಡೂದಿಲ್ಲ. ಮೊದಲ ಹೇಳೇನಿ."

ನೋಂದಣಿ ಪತ್ರ ಬಂದ ದಿನ ಅದನ್ನು ನಾನು ಗಟ್ಟಿಯಾಗಿ ಓದಿದೆ. ನಮ್ಮೈವರಲ್ಲಿ ಹಿರಿಯಳಾದ, ನಾವೆಲ್ಲ ಆಯಿ ಎಂದು ಕರೆಯುವ ಅಜ್ಜಿ, ಬಡಿಯುತ್ತಿದ್ದ ರೊಟ್ಟಿಯನ್ನು ಬದಿಗಿಟ್ಟು ಕೇಳಿದಳು: "ಬ್ಯಾರೆ ಮನಷ್ಯಾ ಅಂದ್ಯಲ್ಲ? ಹುಟ್ಟೇತಿ ಅಂತ ಸರಕಾರನ ಬರದು ಕೊಟ್ಟ ಮ್ಯಾಲ ತೊಟ್ಟಲಕ್ಕ ಹಾಕದ ಬಿಡೂದೇನ?"

ನಾನು ಆಕ್ಷೇಪಿಸಿದೆ. ಹೆಸರು ನೋಂದಣಿಗೆ ಮೊದಲೇ ಮಂಜೂರಾಗಿದೆ, ಇನ್ನು ಇಡುವುದೇನಿದೆ ಎಂದೆ. "ಕಿವ್ಯಾಗ ಹೇಳದ ಹೆಸರು ಹತ್ತತೈತೇನವ?" ಎಂದು ಆಯಿ ನನ್ನನ್ನು ಕುಳ್ಳಿರಿಸಿದಳು. ಆಪಾ ನಗುತ್ತ ನಗುತ್ತ ತಮ್ಮ ಮನೆಯ ಕೊಂಡಿಯನ್ನೇ ಬಿಟ್ಟುಕೊಟ್ಟರು.

ಹೀಗೆ ಆ ಹೊಸ ಸ್ಲ್ಯಾಬಿನ ಕೆಳಗೆ ಮೊಟ್ಟಮೊದಲು ತೂಗಿದ್ದು ನಮ್ಮ ಕಂಪನಿ. ಗುಗ್ಗರಿ ಬೆಂದಿತು, ತೊಟ್ಟಿಲಿಗೆ ಹೂವು ಸುತ್ತಲಾಯಿತು, ಸೋದರತ್ತೆಯ ಸ್ಥಾನ ನನಗೆ ದೊರೆಯಿತು. ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಉಳಿದವರು ಗುದ್ದುವುದು ನಮ್ಮ ಕಡೆಯ ಪದ್ಧತಿ. ನನ್ನ ಬೆನ್ನ ಹಿಂದೆ ನಿಂತಿದ್ದ ಇಬ್ಬರು ಪಾಲುದಾರರು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿಯರು ಎಂಬುದನ್ನು ನಾನು ಮೊದಲೇ ಗಮನಿಸಬೇಕಾಗಿತ್ತು.

"ಒಂಬತ್ತನೇತ್ತಾ ಬಾಕಿ ಇದ್ದದ್ದು ತಗೋರಿ ಅಕ್ಕೋರ!" ಎಂದು ಒಬ್ಬಳು ಗುದ್ದಿದಳು.

"ನಂದು ಹತ್ತನೇತ್ತಾದು!" ಎಂದು ಇನ್ನೊಬ್ಬಳು.

ನಾನು ತೊಟ್ಟಿಲಿನ ಅಂಚನ್ನು ಹಿಡಿದುಕೊಂಡು ಕಣ್ಣೀರು ಬರುವಂತೆ ನಗುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಖಾನಾವಳಿಯ ಸಾಹುಕಾರರು ನಿಂತಿದ್ದರು. ಕೈಯಲ್ಲಿ ಕರಾರು ಪತ್ರವಿತ್ತು.

"ಯಾರದ್ರಿ ಕೂಸು?"

"ನಮ್ಮ ಐದೂ ಮಂದೀದ್ರಿ," ಎಂದರು ಆಪಾ.

ಸಾಹುಕಾರರು ಬಗ್ಗಿ ನೋಡಿ, ಕಾಗದವನ್ನು ಕಂಡು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಕುಳಿತು ಗುಗ್ಗರಿ ತಿಂದರು.

ನಾನು ಕರಾರು ಪತ್ರವನ್ನು ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಅವರ ಪ್ರಸ್ತಾವ ಸ್ಪಷ್ಟವಾಗಿತ್ತು. ದರ, ಅವಧಿ, ಪೂರೈಕೆಯ ದಿನಗಳು ಎಲ್ಲವೂ ಸರಿಯಿದ್ದವು. ಕೊನೆಯ ಪುಟದಲ್ಲಿ ನನ್ನ ಬೆರಳು ನಿಂತಿತು. "ಕಂಪನಿಯ ಯಾವುದೇ ಬಾಕಿಗೆ ನಿರ್ದೇಶಕರು ತಮ್ಮ ಸ್ವಂತ ಆಸ್ತಿಯಿಂದ ಜಾಮೀನಾಗಿರತಕ್ಕದ್ದು" ಎಂದು ಗಟ್ಟಿಯಾಗಿ ಓದಿದೆ. ಅದಕ್ಕೆ ಸಹಿ ಹಾಕಿದರೆ ಕಾಯಿದೆ ಕಟ್ಟಿಕೊಟ್ಟ ಗೋಡೆಯನ್ನು ನಾವೇ ಒಡೆದಂತೆ ಎಂದೂ ಹೇಳಿದೆ.

ಆಪಾ ಗುಗ್ಗರಿಯ ತಾಟನ್ನು ಕೆಳಗಿಟ್ಟರು.

"ತಪ್ಪ ತಿಳೀಬ್ಯಾಡ್ರಿ," ಎಂದರು ಸಾಹುಕಾರರು. "ಕೂಸು ಈಗರ ಕಣ್ಣ ಬಿಟ್ಟೈತಿ. ಅದರ ಸಹೀ ಮ್ಯಾಲ ನಾ ಹ್ಯಾಂಗ ನಂಬಲಿ? ಹಡದವರು ಜವಾಬ್ದಾರಿ ತಗೋಬೇಕಲ್ರಿ."

"ತೊಟ್ಟಲಾ ಕಟ್ಟಾಕ ಮನಿ ಕೊಟ್ಟೇನಿ ಸಾವಕಾರ್ರ. ತೊಟ್ಟಲದಾಗ ಮನೀನ ಹಾಕಂದ್ರ ಹಾಕೂದಿಲ್ಲ."

"ಈ ಮನಿಗೆ ನಾ ಇಟ್ಟದ್ದು ಎರಡ ಬಾಗಲಾ," ಎಂದರು ಗೌಂಡಿಯವರು ಹೊಸ್ತಿಲಲ್ಲಿ ನಿಂತು. "ಮೂರನೇದ್ದು ಇವರು ಕಾಗದದಾಗ ಇಡಾಕತ್ತಾರ ನೋಡು!"

ಸಾಹುಕಾರರು ಕಾಗದವನ್ನು ಮಡಚತೊಡಗಿದರು. ಆಪಾ ನಮ್ಮತ್ತ ತಿರುಗಿ, ತಗ್ಗಿದ ದನಿಯಲ್ಲಿ, "ನನ್ನಿಂದ ನಿಮ್ಮ ಕೆಲಸಾ ತಪ್ಪೂದು ಬ್ಯಾಡ. ನನ್ನ ಹೆಸರು ತಗೀರಿ. ರೊಟ್ಟಿ ಬಡ್ಯಾಕ ಬರ್ತೇನಿ," ಎಂದರು. ನಮ್ಮಲ್ಲಿ ಯಾರೂ ಅದಕ್ಕೆ ಒಪ್ಪಲಿಲ್ಲ.

ಆಗ ಆಯಿ ಎದ್ದು ತೊಟ್ಟಿಲಿನ ಪಕ್ಕಕ್ಕೆ ಬಂದಳು. "ಸಾವಕಾರಾ, ಹೆಸರಿಡೂ ಕಾರ್ಯಕ್ಕ ಬಂದು ಗುಗ್ಗರಿ ತಿಂದಿ. ಕೂಸಿಗಿ ಏನ ಮುಯ್ಯಿ ಮಾಡ್ತಿ?"

ಕಾರ್ಯಕ್ಕೆ ಬಂದವರು ಮುಯ್ಯಿ ಮಾಡದೆ, ಎಂದರೆ ಉಡುಗೊರೆ ಕೊಡದೆ, ಹೋಗುವಂತಿಲ್ಲ. ಸಾಹುಕಾರರು ಗಾಬರಿಯಿಂದ ಜೇಬಿಗೆ ಕೈಹಾಕಿದರು.

"ರೊಕ್ಕಾ ಬ್ಯಾಡೋ. ಆ ಕಡೀ ಸಾಲು ಮುಯ್ಯಿ ಮಾಡು."

ಪಡಸಾಲೆಯೇ ನಗೆಯಿಂದ ತುಂಬಿ ಚೆಲ್ಲಿತು. ಸಾಹುಕಾರರೂ ನಕ್ಕು, ಪೆನ್ನು ತೆಗೆದು, "ಆಗ್ಲಿ ಬಿಡಬೇ!" ಎಂದರು. ಆಗಲೇ ನಾನು ತರಗತಿಯಲ್ಲಿ ಎತ್ತುತ್ತಿದ್ದಂತೆಯೇ ಕೈ ಎತ್ತಿದೆ.

"ಬಿಟ್ಟೀಲೆ ಬ್ಯಾಡ್ರಿ."

ನನ್ನ ಹಳೆಯ ವಿದ್ಯಾರ್ಥಿನಿಯರು ಮತ್ತೆ ಗುದ್ದಲು ಸಿದ್ಧರಾದಂತೆ ಕಂಡಿತು. ಆದರೆ ನನ್ನ ವಾದ ಹೀಗಿತ್ತು: ಪ್ರಸ್ತಾವ ಮತ್ತು ಒಪ್ಪಿಗೆಗಳ ಜೊತೆಗೆ ಪ್ರತಿಫಲವೂ ಇದ್ದರೆ ಮಾತ್ರ ಕರಾರು ಗಟ್ಟಿ; ಎರಡೂ ಕಡೆಯಿಂದ ಏನಾದರೂ ಕೈ ಬದಲಾಗಬೇಕು. ನಗುತ್ತ ಬಿಟ್ಟ ಸಾಲು, ನಗೆ ಮುಗಿದ ಮೇಲೆ ಬೇರೆ ವೇಷದಲ್ಲಿ ಹಿಂದಿರುಗಬಾರದು. ಆದ್ದರಿಂದ ಸಾಹುಕಾರರನ್ನೇ ಕೇಳಿದೆ, ಅವರಿಗೆ ನಿಜವಾದ ಅಂಜಿಕೆ ಯಾವುದರದೆಂದು.

"ಪುಡೀದ್ರಿ ಬಾಯಾರ. ಮದಿವಿ ದಿನದಾಗ ಚೀಲಾ ಬಿಚ್ಚಿದ್ರ ರೊಟ್ಟಿ ಬದಲಿ ಪುಡಿ ಇತ್ತಂದ್ರ, ಬೀಗರೆಲ್ಲ ನನ್ನ ಮಾರಿ ನೋಡ್ತಾರ."

ಆಗ ನಾನು ಪ್ರತಿಯಾಗಿ ಒಂದು ಪ್ರಸ್ತಾವವನ್ನು ಮುಂದಿಟ್ಟೆ. ಗಾಡಿಗೆ ಹೇರುವ ಮೊದಲು ಅವರ ಆಳು ಈ ಬಾಗಿಲಲ್ಲಿಯೇ ಚೀಲ ಬಿಚ್ಚಿ ನೋಡತಕ್ಕದ್ದು. ಮುರಿದದ್ದನ್ನು ಕಂಪನಿ ತನ್ನ ಖರ್ಚಿನಲ್ಲಿ ಬದಲಾಯಿಸಿ ಕೊಡತಕ್ಕದ್ದು. ಹೇರಿದ ಮೇಲೆ ಮಾಲು ಅವರದು. ಜಾಮೀನಿನ ಸಾಲು ರದ್ದು.

ಸಾಹುಕಾರರು ಪೆನ್ನಿನ ಮುಚ್ಚಳ ತೆಗೆದರು. "ಇದು ನನಗೂ ಬೇಸಿ ಆತಲ್ರಿ," ಎಂದು ಆ ಸಾಲನ್ನು ಹೊಡೆದುಹಾಕಿ, ಹೊಸ ಷರತ್ತುಗಳನ್ನು ತಮ್ಮ ಕೈಯಿಂದಲೇ ಬರೆದರು. ತಿದ್ದಿದ ಕಡೆಯಲ್ಲೆಲ್ಲ ಎರಡೂ ಪಕ್ಷದವರು ಸಹಿ ಹಾಕಬೇಕೆಂದು ನಾನು ಹಟ ಹಿಡಿದೆ, ಹಾಕಿಸಿದೆ ಕೂಡ.

ಆಪಾ ಮಾತ್ರ ಇನ್ನೂ ಪೆನ್ನು ಹಿಡಿಯಲಿಲ್ಲ. "ಕಂಪನಿಯ ಪರವಾಗಿ" ಎಂದು ಸಹಿಯ ಜಾಗದ ಮೇಲೆ ಮೊದಲು ಬರೆಯಿಸಿದರು. ಅನಂತರ ಇಡೀ ಪತ್ರವನ್ನು ತೊಟ್ಟಿಲಿನ ಪಕ್ಕದಲ್ಲಿ ನಿಂತು ಇನ್ನೊಮ್ಮೆ ಓದಲು ಹೇಳಿದರು: "ಕೂಸೂ ಕೇಳ್ಲಿ." ನಾನು ಓದಿದೆ. ಅವರ ಮನೆ ಅದರಲ್ಲಿ ಕಂಪನಿಯ ವಿಳಾಸವಾಗಿ ಮಾತ್ರ ಇತ್ತು, ಬೇರೆಲ್ಲಿಯೂ ಇರಲಿಲ್ಲ. ಆಗ ಸಹಿ ಮಾಡಿದರು. ಹಾಳೆಯ ಮೇಲೆ ಹಿಟ್ಟಿನ ಹೆಬ್ಬೆರಳ ಗುರುತೂ ಬಿದ್ದಿತು.

ಆಮೇಲೆ ತೊಟ್ಟಿಲಿನ ಹಗ್ಗ ಹಿಡಿದು, ಜೋಗುಳದ ಧಾಟಿಯಲ್ಲಿ ಶುರುಮಾಡಿದರು:

"ನಿನ್ನ ಸಾಲಾ ನಿನಗಿರಲಿ ಜೋ ಜೋ, ನನ್ನ ಮನಿ ನನಗಿರಲಿ ಜೋ ಜೋ!"

ಹೆಂಗಸರೆಲ್ಲ ದನಿಗೂಡಿಸಿದರು. ಸಾಹುಕಾರರು ಇನ್ನೊಂದು ಕಡೆಯಿಂದ ಹಗ್ಗ ಜಗ್ಗಿದರು. ನಾನು ಬೆನ್ನು ನೋವನ್ನೂ ಮರೆತು ಚಪ್ಪಾಳೆ ತಟ್ಟಿದೆ. ಹೊಸ್ತಿಲಲ್ಲಿ ನಿಂತ ಗೌಂಡಿಯವರು ಮಾತ್ರ ಹಾಡದೆ ಸ್ಲ್ಯಾಬನ್ನೇ ನೋಡುತ್ತಿದ್ದರು.

"ಹಗುರಕ ತೂಗ್ರಿ," ಎಂದರು, "ಕೊಂಡಿ ನಮ್ಮ ಮನೀದೈತಿ. ಕಂಪನೀದಲ್ಲ!"