ಜೇನುನಾಲಿಗೆಯ ವಕಾಲತ್ತು

ಲಿಫ್ಟ್ ರಿಪೇರಿ ಮಾಡುವವರಿಗೆ ಮಾತು ಅಷ್ಟಾಗಿ ಬೇಕಾಗುವುದಿಲ್ಲ. ಒಬ್ಬ ಲಿಫ್ಟಿನ ನೆತ್ತಿಯ ಮೇಲೆ ನಿಂತಿರುತ್ತಾನೆ, ಇನ್ನೊಬ್ಬ ಕಟ್ಟಡದ ತುದಿಯಲ್ಲಿರುವ ಮೋಟಾರಿನ ಕೋಣೆಯಲ್ಲಿ. ನಡುವಿನ ಕತ್ತಲ ಬಾವಿಯಲ್ಲಿ ಕೂಗಿದ್ದೆಲ್ಲ ಕಲಸಿಹೋಗುತ್ತದೆ. ಅದಕ್ಕೇ ಸ್ಪ್ಯಾನರಿನಿಂದ ಕಂಬಿಗೆ ಬಡಿಯುತ್ತಾರೆ. ಒಂದು ಬಡಿತವೆಂದರೆ ನಿಲ್ಲಿಸು, ಎರಡೆಂದರೆ ಮೇಲಕ್ಕೆ, ಮೂರೆಂದರೆ ಕೆಳಕ್ಕೆ. ನಮ್ಮ ಗುಮ್ಮಣ್ಣ ಈ ಭಾಷೆಯನ್ನು ಮನೆಗೂ ತಂದುಬಿಟ್ಟಿದ್ದ. ಇನ್ನಷ್ಟು ಬಡಿಸಲೇ ಎಂದು ಹೆಂಡತಿ ಕೇಳಿದರೆ ತಟ್ಟೆಯ ಅಂಚಿಗೆ ಎರಡು ಸಲ ಬೆರಳು ತಾಗಿಸುತ್ತಿದ್ದ. ಸಾಕಾದರೆ ಒಂದು ಸಲ.

ಹೆಂಡತಿಯ ಕಡೆಯವರು ಮದುವೆಯಲ್ಲೇ ಅವನಿಗೆ ಗುಮ್ಮನಗುಸುಕ ಎಂದು ಹೆಸರಿಟ್ಟರು. ಅದು ಸವೆದು ಗುಮ್ಮಣ್ಣ ಎಂದಾಯಿತು. ಪಾಪ, ಕಪಟ ಎಳ್ಳಷ್ಟೂ ಇಲ್ಲದ ಮನುಷ್ಯ. ಅವನಿಗೆ ಮಾತಿಗೇನೂ ಬರವಿರಲಿಲ್ಲ. ಹೊಟ್ಟೆಯಿಂದ ಹೊರಟು ಗಂಟಲು ದಾಟಿ ತುಟಿಯ ತನಕ ಬರುತ್ತಿತ್ತು, ಅಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ, ಅಷ್ಟೇ.

ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ ಎರಡು ಸಲ ಫೇಲಾಗಿ, ಅತ್ತು, ಕಡೆಗೂ ಕಾರಿನ ಲೈಸೆನ್ಸ್ ಗಿಟ್ಟಿಸಿಕೊಂಡಳು. ಆ ದಿನ ಮೆಟ್ಟಿಲೇರಿ ಓಡಿಬಂದು ಬಾಗಿಲಲ್ಲಿ ನಿಂತು, "ಪಾಸಾದೆ ಕಣ್ರೀ" ಅಂದಳು. ಗುಮ್ಮಣ್ಣ ಎದ್ದು ನಿಂತ. ಎದೆ ಉಬ್ಬಿಬಂದಿತ್ತು. ಬಾಯಿ ತೆರೆದಾಗ ಹೊರಬಿದ್ದದ್ದು ಮಾತ್ರ, "ಪೆಟ್ರೋಲ್ ಇದ್ಯಾ?" ಈ ಕಥೆಯನ್ನು ಅವಳು ಕಂಡಕಂಡವರಿಗೆಲ್ಲ ನಗುನಗುತ್ತಾ ಹೇಳುತ್ತಾಳೆ. ನಗುತ್ತಾಳೇನೋ ಹೌದು, ಆದರೆ ಹೇಳದೆ ಬಿಡುವುದಿಲ್ಲ.

ಇಂಥ ಗುಮ್ಮಣ್ಣ ವಾರಕ್ಕೊಂದು ಮಧ್ಯಾಹ್ನ ಅರಳು ಹುರಿದಂತೆ ಮಾತಾಡುತ್ತಿದ್ದ. ಅವನಲ್ಲ, ಅವನ ಜೇನುನಾಲಿಗೆ.

ಅದೊಂದು ಆಟ. ಪ್ರತಿಯೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ: ಕಳ್ಳಿ, ಕೊಡಲಿವೀರ, ಮಾಂತ್ರಿಕ, ಹೀಗೆ. ಒಬ್ಬರು ಕೂತು ಕಥೆ ನಡೆಸುತ್ತಾರೆ. ಗುಹೆ, ರಾಕ್ಷಸ, ರಾಜ ಎಲ್ಲ ಅವರೇ. ಒಂದು ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಗೆದ್ದಿರಿ, ಕಡಿಮೆ ಬಿದ್ದರೆ ಅನುಭವಿಸಿ. ಗುಮ್ಮಣ್ಣನ ಪಾತ್ರ ಜೇನುನಾಲಿಗೆ ಎಂಬ ಹಾಡುಗಾರ. ಕಲ್ಲನ್ನೂ ಮಾತಲ್ಲೇ ಕರಗಿಸುವವನು. ಗುಮ್ಮಣ್ಣ ಸುಮ್ಮನೆ ದಾಳ ಉರುಳಿಸುತ್ತಿದ್ದ. ಒಳ್ಳೆಯದು ಬಿದ್ದರೆ ಕಥೆ ನಡೆಸುವ ಅತ್ತಿಗೆ, "ಜೇನುನಾಲಿಗೆ ಏನೋ ಹೇಳ್ದ, ಕಾವಲುಗಾರ ಬಿಕ್ಕಿಬಿಕ್ಕಿ ಅತ್ತು ಬೀಗದಕೈ ಕೊಟ್ಟ" ಅನ್ನುತ್ತಿದ್ದಳು. ಗುಮ್ಮಣ್ಣ ತುಟಿ ಪಿಟಕ್ಕೆನ್ನದೆ ಆ ಮಾತಿನ ಸುಖವನ್ನೆಲ್ಲ ಅನುಭವಿಸುತ್ತಿದ್ದ.

ಅತ್ತಿಗೆ ಎಂದರೆ ಅವನ ಅಣ್ಣನ ಹೆಂಡತಿ, ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟು ಕೂತು ಕೂತು, ಎಲ್ಲಿ ಹೋದರೂ ಬ್ರೇಕು ತನ್ನ ಕಾಲಡಿಯಲ್ಲೇ ಇದೆ ಎಂಬ ಧೈರ್ಯ ಅವಳಿಗೆ. ಅಣ್ಣ ಆಟಕ್ಕೆ ಬರುವುದಿಲ್ಲ. ರಾಕ್ಷಸಿಯನ್ನು ಮನೆಯಲ್ಲೇ ನೋಡಿದ್ದೇನೆ ಅನ್ನುತ್ತಾನೆ.

ಆಟ ನಡೆಯುವುದು ಕ್ಷೌರದಂಗಡಿಯಲ್ಲಿ, ಅಂಗಡಿಯ ವಾರದ ರಜೆಯ ದಿನ. ಗುಹೆಯ ನಕ್ಷೆಯನ್ನು ಕನ್ನಡಿಯ ಮೇಲೆ ಸೋಪಿನಲ್ಲಿ ಬರೆಯುತ್ತಾರೆ. ದಾಳವನ್ನು ಕ್ಷೌರದ ಬಟ್ಟಲಲ್ಲಿ ಕುಲುಕುತ್ತಾರೆ. ಅತ್ತಿಗೆ ತಿರುಗುವ ಕುರ್ಚಿಯಲ್ಲಿ ಕೂರುತ್ತಾಳೆ; ದೊಡ್ಡ ರಾಕ್ಷಸ ಬಂದಾಗ ಪೆಡಲು ಒತ್ತಿ ಒತ್ತಿ ಕುರ್ಚಿಯನ್ನು ಮೇಲಕ್ಕೇರಿಸುತ್ತಾಳೆ. ಅಂಗಡಿಯವನು ಕಡ್ಡಿಯಂಥ ಮನುಷ್ಯ, ಆಟದಲ್ಲಿ ಕೊಡಲಿವೀರ. ಗುಮ್ಮಣ್ಣನ ಹೆಂಡತಿ ಕಳ್ಳಿ. ಈ ನಾಲ್ವರ ನಡುವೆ ಹೊಸದಾಗಿ ಬಂದು ಸೇರಿದವನು ಅಂಗಡಿಯವನ ಅಳಿಯ, ಇನ್ಶೂರೆನ್ಸ್ ಏಜೆಂಟ್. ಅವನದು ಮಾಂತ್ರಿಕನ ಪಾತ್ರ. ಬಾಯಿಗೆ ಬಿಡುವೇ ಇಲ್ಲ.

ಆವತ್ತು ಕಳ್ಳಿ ದೈತ್ಯರಾಣಿಯ ಕಿರೀಟಕ್ಕೆ ಕೈಹಾಕಿ ಸಿಕ್ಕಿಬಿದ್ದಳು. ಅತ್ತಿಗೆ ಕುರ್ಚಿಯನ್ನು ತುದಿಗೇರಿಸಿ, ತಲೆ ಫ್ಯಾನಿಗೆ ತಾಗದಂತೆ ಬಗ್ಗಿಸಿ, "ಬೆಳಗಾದ್ರೆ ಇವಳು ನನ್ನ ನಾಷ್ಟ" ಅಂದಳು. ಸತ್ತ ಪಾತ್ರ ಸತ್ತಂತೆಯೇ, ಅದರ ಹಾಳೆ ಹರಿದುಹಾಕಬೇಕು. ಇದು ಮೊದಲಿನಿಂದಲೂ ಬಂದ ನಿಯಮ. ಹೆಂಡತಿ ಎರಡು ವರ್ಷ ಸಾಕಿ ಬೆಳೆಸಿದ ಕಳ್ಳಿ ಅದು. ಇನ್ನು ಉಳಿದ ದಾರಿ ಒಂದೇ, ಜೇನುನಾಲಿಗೆ ರಾಣಿಯ ಮನಸ್ಸು ಒಲಿಸಬೇಕು. ಗುಮ್ಮಣ್ಣ ಬಟ್ಟಲಿಗೆ ಕೈ ಚಾಚಿದ.

"ಒಂದ್ನಿಮಿಷ" ಎಂದ ಏಜೆಂಟ್. "ಬರೀ ದಾಳ ಉರುಳಿಸಿದ್ರೆ ಇದಕ್ಕೂ ಹಾವು-ಏಣಿಗೂ ಏನ್ ವ್ಯತ್ಯಾಸ? ನಾನು ಮುಂಚೆ ಆಡ್ತಿದ್ದ ಕಡೆ ಪಾತ್ರ ಏನ್ ಹೇಳುತ್ತೋ ಅದನ್ನ ನಾವೇ ಬಾಯ್ಬಿಟ್ಟು ಹೇಳ್ಬೇಕಿತ್ತು. ಮಾತು ಚೆನ್ನಾಗಿದ್ರೇನೇ ದಾಳ. ಇಲ್ಲಾಂದ್ರೆ ದಾಳಾನೂ ಇಲ್ಲ."

ಅಂಗಡಿಯವನು ಅಳಿಯನ ಮಾತಿಗೆ ಎದುರಾಡಲಾರದೆ, "ಅಳಿಯಂದ್ರು ಹೇಳೋದೂ ಒಂಥರಾ ಸರಿನೇ" ಅಂದ. ಗುಮ್ಮಣ್ಣ ಹೆಂಡತಿಯ ಕಡೆ ನೋಡಿದ. ಸಾಯಲಿರುವವಳೇ ಅವಳು, ತನ್ನ ಪರ ನಿಲ್ಲದೆ ಎಲ್ಲಿ ಹೋದಾಳು?

"ನಂಗೂ ಅದೇ ಸರಿ ಅನ್ಸುತ್ತೆ" ಅಂದಳು ಹೆಂಡತಿ.

ಗುಮ್ಮಣ್ಣ ಮೇಜಿನ ಮೇಲೆ ಒಂದು ಸಲ ಬಡಿದ. ನಿಲ್ಲಿಸಿ ಎಂದು.

"ಬಡಿದ್ರೆ ಆಗಲ್ಲ" ಎಂದಳು ಅತ್ತಿಗೆ ಎತ್ತರದಿಂದ. "ವಾದ ಇದ್ರೆ ಬಾಯಲ್ಲಿ ಹೇಳು. ಕೇಳಿ ತೀರ್ಪು ಕೊಡ್ತೀನಿ."

"ಕೊಡಲಿವೀರ..." ಎಂದ ಗುಮ್ಮಣ್ಣ. ಎಲ್ಲರೂ ಕಾದರು. "ಕೊಡಲಿವೀರ ಹೋದ್ವಾರ ಕೋಟೆ ಬಾಗಿಲು ಕಿತ್ತ. ದಾಳದಲ್ಲಿ ಕಿತ್ತ. ನಾನು ಮಾತಾಡ್ಲೇಬೇಕು ಅಂದ್ರೆ ಇವ್ರೂ ಎತ್ಲಿ. ಈ ಕುರ್ಚಿನ. ಅತ್ತಿಗೆ ಸಮೇತ."

ಅಂಗಡಿಯವನಿಗೆ ಪೌರುಷ ಕೆಣಕಿದಂತಾಯಿತು. ತೋಳು ಮಡಚಿ ಕುರ್ಚಿಯನ್ನು ತಬ್ಬಿ ಮುಕ್ಕಿರಿದ. ಕುರ್ಚಿ ಅಲುಗಲಿಲ್ಲ. ಅಂಗಿಯ ಗುಂಡಿಯೊಂದು ಕಿತ್ತು ಕನ್ನಡಿಗೆ ಹೊಡೆಯಿತು. ಅತ್ತಿಗೆ ಮೇಲೆ ಕೂತು, "ನಿಧಾನ, ಗೇರ್ ಹಾಕದೆ ಎಳೀತಿದ್ದೀರ" ಅಂದಳು.

"ನೋಡಿ" ಎಂದ ಗುಮ್ಮಣ್ಣ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಇನ್ನು ಮಾಂತ್ರಿಕರು. ಬೆಂಕಿ ಉಗುಳೋದಲ್ವಾ ಇವ್ರ ಕೆಲಸ? ಉಗುಳ್ಲಿ. ಮಾವನ ಅಂಗಡಿ, ಯಾರೂ ಬೈಯಲ್ಲ." ಏಜೆಂಟ್ ಬಾಯಿ ತೆರೆದು, ಉಗುಳಲು ಏನೂ ಸಿಗದೆ ಮುಚ್ಚಿದ. "ಇವ್ಳು ಬೀಗ ತೆಗೀತಾಳೆ ಆಟದಲ್ಲಿ. ಈಗ ಈ ಡ್ರಾಯರ್ ಬೀಗ ತೆಗೀಲಿ, ನಾನು ಸೋತೆ ಅಂತ ಒಪ್ಕೋತೀನಿ."

ಹೆಂಡತಿ ಮುಡಿಯಿಂದ ಪಿನ್ನು ತೆಗೆದು ಬೀಗದ ತೂತಿಗೆ ಹಾಕಿ ಎರಡು ಸಲ ತಿರುವಿದಳು. ಡ್ರಾಯರ್ ತೆರೆದುಕೊಂಡಿತು. ಒಳಗೆ ಬೋಳುತಲೆಯವರಿಗೆ ಕೂದಲು ಬರಿಸುವ ಎಣ್ಣೆಯ ಸೀಸೆಗಳು ಸಾಲಾಗಿ ನಿಂತಿದ್ದವು. ಅಂಗಡಿಯವನು ತನ್ನ ನೆತ್ತಿ ಮುಟ್ಟಿಕೊಂಡು, "ಅದು ಗಿರಾಕಿಗಳದ್ದು" ಎಂದು ಗೊಣಗಿದ. ನಗು ತಡೆಯಲಾರದೆ ಅತ್ತಿಗೆಯ ಕಾಲು ಇಳಿಸುವ ಪೆಡಲಿನ ಮೇಲೆ ಬಿತ್ತು. ಕುರ್ಚಿ ಉಸ್ಸೆಂದು ನೆಲಕ್ಕಿಳಿಯಿತು. ದೈತ್ಯರಾಣಿ ಕುಳ್ಳಿಯಾದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಗುಮ್ಮಣ್ಣನೊಬ್ಬನನ್ನು ಬಿಟ್ಟು.

ಸೋತೆ ಎಂದು ಒಪ್ಪಿಕೊಳ್ಳುವುದನ್ನು ಅವನು ಮರೆತೇಬಿಟ್ಟಿದ್ದ. ತುಟಿಯಲ್ಲಿ ಸಿಕ್ಕಿಕೊಂಡಿದ್ದ ಲಿಫ್ಟಿನ ಬಾಗಿಲು ತೆರೆದಿತ್ತು, ಇನ್ನು ಒಳಗಿದ್ದವರೆಲ್ಲ ಇಳಿಯಲೇಬೇಕು.

"ನಗ್ಬೇಡಿ. ಆಡೋಕೆ ಯಾಕೆ ಬರ್ತೀವಿ? ಇವ್ರಿಗೆ ಮೈಯಲ್ಲಿ ಬಲ ಇಲ್ಲ, ಇಲ್ಲಿ ವೀರರು. ಯಾರೂ ಬೇಡ ಅನ್ನಲಿಲ್ಲ. ನಂಗೆ ಬಾಯಲ್ಲಿ ಬಲ ಇಲ್ಲ. ದಿನಾ ಬಾವಿಯೊಳಗೆ ನಿಂತು ಕಂಬಿ ಬಡೀತೀನಿ. ಮನೆಗ್ ಬಂದ್ರೂ ಬಡೀತೀನಿ. ಇವ್ಳು ಲೈಸೆನ್ಸ್ ಹಿಡ್ಕೊಂಡು ಬಂದ ದಿನ ನನ್ನ ಹತ್ರ ಎಷ್ಟು ಮಾತಿತ್ತು ಗೊತ್ತಾ? ಮೆಟ್ಟಿಲ ಮೇಲೆ ಇವ್ಳ ಚಪ್ಪಲಿ ಸದ್ದು ಕೇಳಿದಾಗ್ಲೇ ಪಾಸು ಅಂತ ಗೊತ್ತಾಯ್ತು, ಆಗ್ಲೇ ಜೋಡಿಸಿಟ್ಕೊಂಡಿದ್ದೆ. ಒಂದೂ ಬರ್ಲಿಲ್ಲ. ಪೆಟ್ರೋಲ್ ಅಂದೆ. ಜೇನುನಾಲಿಗೆ ಆಗಿದ್ರೆ ಹೇಳ್ತಿದ್ದ. ವಾರಕ್ಕೊಂದ್ಸಲ ಒಂದು ದಾಳ ಉರುಳಿಸಿ, ಹೇಳಿದೆ ಅಂತ ಅಂದ್ಕೋತೀನಿ. ಅದನ್ನೂ ಕಿತ್ಕೊಂಡ್ರೆ ನಾನು ಇಲ್ಲೂ ಬಾವಿಯಲ್ಲೇ. ಇವತ್ತು ಇವ್ಳ ಪ್ರಾಣ ಉಳಿಸ್ಬೇಕು. ನನ್ನ ಬಾಯಿ ನಂಬ್ಕೊಂಡ್ರೆ ಇವ್ಳು ಸತ್ತಳು ಅಂತಲೇ ಲೆಕ್ಕ. ದಯವಿಟ್ಟು ದಾಳ ಕೊಡಿ."

ಅಂಗಡಿಯವನು ಗುಂಡಿ ಹುಡುಕುವ ನೆಪದಲ್ಲಿ ಬಗ್ಗಿದ.

ಅತ್ತಿಗೆ ಕಣ್ಣೊರೆಸಿಕೊಂಡು, ಪೆಡಲು ಒತ್ತಿ ಒತ್ತಿ ಮತ್ತೆ ಮೇಲೇರಿದಳು. ತೀರ್ಪು ನೆಲಮಟ್ಟದಲ್ಲಿ ಕೊಡುವಂಥದ್ದಲ್ಲ. "ಮಾತು ಬರಲ್ಲ ಅಂತ ಸಾಬೀತು ಮಾಡೋಕೆ ನೀನು ಇಷ್ಟು ಹೊತ್ತು ಮಾತಾಡ್ದೆ ಗುಮ್ಮಣ್ಣ. ನಾವ್ಯಾರೂ ಉಸಿರೆತ್ತಲಿಲ್ಲ. ನಿನ್ನ ವಾದ ವಜಾ. ಇನ್ನು ಮೇಲೆ ಬಾಯಲ್ಲೇ ಹೇಳ್ಬೇಕು."

ಗೆಲ್ಲಲೆಂದು ಆಡಿದ ಮಾತೇ ಗುಮ್ಮಣ್ಣನನ್ನು ಸೋಲಿಸಿತ್ತು.

"ಇನ್ನೊಂದು ವಿಷಯ" ಎಂದಳು ಅತ್ತಿಗೆ. "ನೀನು ಪ್ರಾಣಭಿಕ್ಷೆ ಕೇಳಿದ್ದು ದೈತ್ಯರಾಣಿ ಎದುರಿಗೆ. ರಾಣಿಗೆ ಕಿವಿ ಇದೆ. ಕಳ್ಳಿನ ಬಿಟ್ಟಿದ್ದೀನಿ."

"ಅದ್ಹೇಗೆ?" ಎಂದ ಏಜೆಂಟ್. "ಮಾತಾದ್ಮೇಲೆ ದಾಳ ಹಾಕ್ಲೇಬೇಕು. ನಿಯಮ ಅಂದ್ರೆ ನಿಯಮ."

"ಅಳಿಯಂದ್ರೇ, ಸುಮ್ನಿರಿ" ಎಂದ ಅಂಗಡಿಯವನು ಕುರ್ಚಿಯ ಕೆಳಗಿನಿಂದ. ಮದುವೆಯಾದ ಮೇಲೆ ಅಳಿಯನಿಗೆ ಅವನು ಎದುರಾಡಿದ್ದು ಅದೇ ಮೊದಲು.

ಎಲ್ಲರೂ ಬಟ್ಟಲು ನೋಡಿದರು. ದಾಳ ಇರಲಿಲ್ಲ. ಕಳ್ಳಿ ಕದ್ದಿದ್ದಳು. ಹೆಂಡತಿಯ ಮುಷ್ಟಿ ಬಿಗಿಯಾಗಿತ್ತು, ಕಣ್ಣು ತುಂಬಿತ್ತು, ತುಟಿಯಲ್ಲಿ ತುಂಟ ನಗುವಿತ್ತು.

"ದಾಳ ಕೊಡ್ತೀನಿ" ಅಂದಳು. "ಆವತ್ತು ಜೋಡಿಸಿಟ್ಕೊಂಡಿದ್ರಲ್ಲ, ಅದನ್ನ ಹೇಳಿ ಮೊದ್ಲು."

ಗುಮ್ಮಣ್ಣನ ಬೆರಳು ಅಭ್ಯಾಸಬಲದಿಂದ ಮೇಜಿನ ಕಡೆ ಹೋಯಿತು. ಅಲ್ಲಿಗೆ ತಲುಪುವ ಮೊದಲೇ ಅವಳು ಅದನ್ನು ಹಿಡಿದುಕೊಂಡಳು. ಏಜೆಂಟ್ ಕನ್ನಡಿಯ ಕಡೆ ತಿರುಗಿ ಸೋಪಿನ ಗುಹೆಯನ್ನು ಗಮನವಿಟ್ಟು ನೋಡತೊಡಗಿದ.

"ನೀನು ಫೇಲಾದಾಗ್ಲೂ ನಂಗೆ ನಿನ್ ಮೇಲೆ ಹೆಮ್ಮೆಯೇ ಇತ್ತು" ಎಂದ ಗುಮ್ಮಣ್ಣ. "ಪಾಸಾದಾಗ ಅದನ್ನ ಎಲ್ಲಿ ಇಟ್ಕೊಳ್ಳೋದು ಗೊತ್ತಾಗ್ಲಿಲ್ಲ."

ಅವಳು ದಾಳವಿದ್ದ ಮುಷ್ಟಿಯಿಂದಲೇ ಮೇಜಿನ ಮೇಲೆ ಬಡಿದಳು, ಎರಡು ಸಲ.